ಓದುಗರ ಪ್ರಶ್ನೆ: ಎಕ್ಸೆಲ್ ಲೈನ್ ಲಿಸ್ಟ್‌ನಿಂದ 'ಆರ್' ಕಡೆಗೆ

ಸಾರ್ವಜನಿಕ ಆರೋಗ್ಯ ಸಿಬ್ಬಂದಿಗೆ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಡೇಟಾ ವಿಶ್ಲೇಷಣೆ ಕಲಿಸುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಒಂದೇ ತೊಂದರೆಯ ಬಗ್ಗೆ ಬರೆದವರ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿಕೊಂಡಿದ್ದೇವೆ.

ಪ್ರಶ್ನೆ: ರೋಗ ಕಣ್ಗಾವಲು ವಿಭಾಗದಲ್ಲಿ ನಾವು 20 ಮಂದಿ ಇದ್ದೇವೆ. ಎಲ್ಲರಿಗೂ ಎಕ್ಸೆಲ್ ಬರುತ್ತದೆ, ಪ್ರೋಗ್ರಾಮಿಂಗ್ ಯಾರಿಗೂ ಬರುವುದಿಲ್ಲ. ಆರ್ ಕಲಿಯೋಣವೇ, ಪೈಥಾನ್ ಕಲಿಯೋಣವೇ? ಅಸಲಿಗೆ ಎಕ್ಸೆಲ್ ಬಿಡಲೇಬೇಕೆ?

ಉತ್ತರ: ಆರ್ ಕಲಿಯಿರಿ. ನ್ಯೂಜಿಲೆಂಡ್‌ನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಶುರುಮಾಡಿದ ಈ ಭಾಷೆಯ ಮೊದಲ ಪೂರ್ಣ ಆವೃತ್ತಿ ಬಂದದ್ದು 2000ದ ಫೆಬ್ರವರಿ 29ರಂದು. ಅಂಕಿಅಂಶದ ಕೆಲಸಕ್ಕೆಂದೇ ಹುಟ್ಟಿದ್ದರಿಂದ ಟೇಬಲ್, ಗ್ರಾಫ್, ರಿಸ್ಕ್ ರೇಶಿಯೊ (ಎರಡು ಗುಂಪುಗಳ ರೋಗದ ಅಪಾಯದ ಅನುಪಾತ) ಇವುಗಳಿಗೆ ಹೆಚ್ಚು ಸುತ್ತಾಡಬೇಕಿಲ್ಲ. ಸಾಂಕ್ರಾಮಿಕ ರೋಗಶಾಸ್ತ್ರದವರು ಬರೆದಿಟ್ಟ ಪ್ಯಾಕೇಜ್‌ಗಳೂ (ಸಿದ್ಧ ಕೋಡ್‌ನ ಕಟ್ಟುಗಳು) ಇದರಲ್ಲೇ ಹೆಚ್ಚು. ನಿಮ್ಮ ಕಚೇರಿಯ ಸಾಫ್ಟ್‌ವೇರ್ ತಂಡ ಈಗಾಗಲೇ ಪೈಥಾನ್‌ನಲ್ಲಿ ಕೆಲಸ ಮಾಡುತ್ತಿದ್ದು, ಸಹಾಯಕ್ಕೆ ಪಕ್ಕದಲ್ಲೇ ಸಿಗುತ್ತಾರೆ ಎಂದಾದರೆ ಮಾತ್ರ ಪೈಥಾನ್ ಆರಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ ಕಲಿಸುವ ಯೋಜನೆಗಳು ಸಾಮಾನ್ಯವಾಗಿ ಎರಡನ್ನೂ ಕೈಬಿಟ್ಟು ಮುಗಿಯುತ್ತವೆ.

ಎಕ್ಸೆಲ್ ಬಿಡಬೇಕಿಲ್ಲ. ಮಾಹಿತಿ ತುಂಬುವುದಕ್ಕೆ, ಕಣ್ಣಾಡಿಸುವುದಕ್ಕೆ ಅದು ಚೆನ್ನಾಗಿಯೇ ಇದೆ. ತೊಂದರೆ ಇರುವುದು ಅದರಲ್ಲಿ ಮಾಡಿದ ಕೆಲಸಕ್ಕೆ ಹೆಜ್ಜೆಗುರುತು ಉಳಿಯದಿರುವಲ್ಲಿ. ಯಾವ ಸಾಲು ಅಳಿಸಿದಿರಿ, ಯಾವ ಫಿಲ್ಟರ್ ಹಾಕಿದ್ದಿರಿ ಎಂದು ಮುಂದಿನ ತಿಂಗಳು ನಿಮಗೇ ನೆನಪಿರುವುದಿಲ್ಲ. ಇನ್ನೊಂದು, ಸದ್ದಿಲ್ಲದೆ ಆಗುವ ನಷ್ಟ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ಫೈಲ್ ಮಾದರಿಗೆ ಹಾಕುತ್ತಿದ್ದರು. ಅದರಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ ಹಿಡಿಯುತ್ತವೆ; ಒಬ್ಬೊಬ್ಬ ರೋಗಿಗೆ ಹಲವು ಸಾಲುಗಳಿದ್ದುದರಿಂದ ಹಾಳೆ ಬೇಗ ತುಂಬಿ, ಉಳಿದದ್ದು ಕತ್ತರಿಸಿಹೋಯಿತು. ಹೊಸ ಮಾದರಿಯಲ್ಲಿ 10,48,576 ಸಾಲುಗಳಿವೆ ನಿಜ, ಆದರೆ ಅದಕ್ಕೂ ಒಂದು ಕೊನೆ ಇದೆ.

ಪ್ರಶ್ನೆ: ತರಬೇತಿ ಕೊಠಡಿಯಲ್ಲಿ ಇಂಟರ್ನೆಟ್ ನಿಧಾನ. ಕಳೆದ ಬಾರಿ ಮೊದಲ ದಿನವೆಲ್ಲ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಿತು. ಏನು ಮಾಡಬಹುದು?

ಉತ್ತರ: ಇನ್‌ಸ್ಟಾಲ್ ಕೆಲಸವನ್ನು ತರಬೇತಿಯ ಸಮಯದೊಳಗೆ ತರಲೇಬೇಡಿ, ಒಂದು ವಾರ ಮುಂಚೆ ಮುಗಿಸಿ. ಎಲ್ಲ ಕಂಪ್ಯೂಟರ್‌ಗಳಿಗೂ ಆರ್‌ನ ಒಂದೇ ಆವೃತ್ತಿ ಹಾಕಿ. ಒಂದು ಕಂಪ್ಯೂಟರಿನಲ್ಲಿ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಇಳಿಸಿಕೊಂಡು, ಅದರ ಲೈಬ್ರರಿ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಉಳಿದವುಗಳಿಗೆ ನಕಲು ಮಾಡಿ. ಆಪರೇಟಿಂಗ್ ಸಿಸ್ಟಂ ಒಂದೇ ಆಗಿದ್ದು, ಆರ್ ಆವೃತ್ತಿಯ ಮೊದಲ ಎರಡು ಅಂಕಿ ಹೊಂದಿದರೆ (4.3 ಇದ್ದಲ್ಲಿ 4.3, 4.4 ಇದ್ದಲ್ಲಿ 4.4) ಈ ನಕಲು ಕೆಲಸ ಮಾಡುತ್ತದೆ. ಫೋಲ್ಡರ್ ಎಲ್ಲಿದೆ ಎಂದು 'ಡಾಟ್ ಲಿಬ್‌ಪಾತ್ಸ್' ಫಂಕ್ಷನ್ ತೋರಿಸುತ್ತದೆ. ಮ್ಯಾಕ್‌ನಲ್ಲಿ ಇಂಟೆಲ್ ಚಿಪ್‌ಗೂ ಆಪಲ್ ಚಿಪ್‌ಗೂ ಪ್ಯಾಕೇಜ್ ಬೇರೆ ಬೇರೆ. ಅಲ್ಲಿ ಬೆರಸಬೇಡಿ.

ವಿಂಡೋಸ್‌ನಲ್ಲಿ ಅಡ್ಮಿನ್ ಅನುಮತಿ ಇಲ್ಲದಿದ್ದರೂ ಬಳಕೆದಾರನ ಸ್ವಂತ ಫೋಲ್ಡರಿಗೆ ಆರ್ ಹಾಕಿಕೊಳ್ಳಬಹುದು. ಆವೃತ್ತಿ 4.2ಕ್ಕಿಂತ ಹಳೆಯದು ಬೇಡ. ಅದಕ್ಕೆ ಕಾರಣ ಮುಂದೆ ಕನ್ನಡ ಹೆಸರುಗಳ ಪ್ರಶ್ನೆಯಲ್ಲಿದೆ. ಪ್ಯಾಕೇಜ್ ಹಾಕುವಾಗ 'ಸೋರ್ಸ್‌ನಿಂದ ಕಂಪೈಲ್ ಮಾಡಲೇ?' ಎಂಬ ಅರ್ಥದ ಪ್ರಶ್ನೆ ಪರದೆಯ ಮೇಲೆ ಬಂದರೆ 'ನೋ' ಎನ್ನಿ. 'ಯಸ್' ಎಂದವರಿಗೆ ಕಂಪೈಲರ್ ಇಲ್ಲವೆಂದು ಕೆಂಪು ಸಾಲುಗಳು ಸುರಿಯುತ್ತವೆ, ಅವರು ಅಲ್ಲಿಗೇ ಧೈರ್ಯಗೆಡುತ್ತಾರೆ.

ಪ್ರಶ್ನೆ: ಲೈನ್ ಲಿಸ್ಟ್ (ರೋಗಿಗೊಂದು ಸಾಲಿನ ಪಟ್ಟಿ) ಆರ್‌ಗೆ ತಂದಾಗ ದಿನಾಂಕದ ಕಾಲಂ ಕೆಟ್ಟುಹೋಗುತ್ತದೆ. ಕೆಲವು ಕಡೆ 45385 ಎಂಬಂಥ ಸಂಖ್ಯೆ, ಕೆಲವು ಕಡೆ 'ಎನ್‌ಎ' (ಮಾಹಿತಿ ಇಲ್ಲ), ಇನ್ನು ಕೆಲವು ಕಡೆ ಮುಂದಿನ ತಿಂಗಳುಗಳ ತಾರೀಖು. ಯಾಕೆ?

ಉತ್ತರ: ನಮಗೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಇದೇ. ತರಬೇತಿಯಲ್ಲಿ ಒಂದು ಪೂರ್ತಿ ಅವಧಿಯನ್ನು ದಿನಾಂಕಕ್ಕೇ ಕೊಡಬೇಕು ಎನ್ನುವುದು ನಮ್ಮ ಅಭಿಪ್ರಾಯ. ಅದಕ್ಕಾಗಿ ಸಂಖ್ಯಾಶಾಸ್ತ್ರದ ಒಂದು ಪಾಠ ಬಿಟ್ಟರೂ ಚಿಂತೆಯಿಲ್ಲ.

ಎಕ್ಸೆಲ್ ದಿನಾಂಕವನ್ನು ಒಳಗೆ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 45385 ಎಂದರೆ 2024ರ ಏಪ್ರಿಲ್ 3. ಇದನ್ನು ಆರ್‌ನಲ್ಲಿ ದಿನಾಂಕ ಮಾಡುವಾಗ 'ಒರಿಜಿನ್' ಆಗಿ 1899-12-30 ಕೊಡಬೇಕು. ಎಕ್ಸೆಲ್ ಎಣಿಕೆ 1900ರ ಜನವರಿ 1ರಿಂದ ಶುರುವಾದರೂ, ಅದು 1900ನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸುತ್ತದೆ. ಲೋಟಸ್ 1-2-3 ತಂತ್ರಾಂಶದ ತಪ್ಪನ್ನು ಹೊಂದಾಣಿಕೆಗಾಗಿ ಹಾಗೆಯೇ ಉಳಿಸಿಕೊಂಡ ಫಲ ಅದು. ಹಳೆಯ ಮ್ಯಾಕ್‌ನಲ್ಲಿ ತಯಾರಾದ ಕೆಲವು ಫೈಲ್‌ಗಳ ಎಣಿಕೆ 1904ರಿಂದ ಶುರುವಾಗುತ್ತದೆ. ಅಲ್ಲಿ ತಾರೀಖುಗಳೆಲ್ಲ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ, ಹಿಂದೆ ಬೀಳುತ್ತವೆ. ಎಲ್ಲ ರೋಗಿಗಳೂ ನಾಲ್ಕು ವರ್ಷ ಹಿಂದೆ ಕಾಯಿಲೆ ಬಿದ್ದಂತೆ ಕಂಡರೆ ಇದನ್ನೇ ಅನುಮಾನಿಸಿ.

ಇದಕ್ಕಿಂತ ಅಪಾಯದ್ದು ತಿಂಗಳು–ದಿನ ಅದಲುಬದಲು. ಕಂಪ್ಯೂಟರಿನ ಸೆಟ್ಟಿಂಗ್ 'ತಿಂಗಳು/ದಿನ/ವರ್ಷ' ಆಗಿದ್ದು, ನೀವು 'ದಿನ/ತಿಂಗಳು/ವರ್ಷ' ಎಂದು ಟೈಪ್ ಮಾಡುತ್ತೀರಿ ಅನ್ನಿ. 13/04/2024 ಎಂದರೆ 13ನೇ ತಿಂಗಳು ಇಲ್ಲದ್ದರಿಂದ ಎಕ್ಸೆಲ್ ಅದನ್ನು ಪಠ್ಯವಾಗಿ ಬಿಟ್ಟುಬಿಡುತ್ತದೆ. 03/04/2024 ಎಂದರೆ ಮಾತಿಲ್ಲದೆ ಮಾರ್ಚ್ 4 ಮಾಡಿಬಿಡುತ್ತದೆ. ಅಂದರೆ 1ರಿಂದ 12ರವರೆಗಿನ ತಾರೀಖುಗಳು ತಪ್ಪಾಗಿ ಪರಿವರ್ತನೆಯಾಗಿ, 13ರಿಂದ ಮೇಲಿನವು ಸರಿಯಾದ ಪಠ್ಯವಾಗಿ ಉಳಿಯುತ್ತವೆ. ಎಕ್ಸೆಲ್‌ನಲ್ಲಿ ಕಾಲಂ ಅಗಲ ಮಾಡಿ ನೋಡಿ: ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದು, ಬಲಕ್ಕಿರುವವುಗಳಲ್ಲಿ ದಿನವೂ ತಿಂಗಳೂ ಎರಡೂ 12ರೊಳಗೇ ಇದ್ದರೆ ರೋಗ ಪತ್ತೆಯಾದಂತೆ.

ಸರಿಪಡಿಸುವ ಕ್ರಮ ಹೀಗೆ. ಮೊದಲು 'ರೀಡ್‌ಎಕ್ಸ್‌ಎಲ್' ಪ್ಯಾಕೇಜಿನಲ್ಲಿ 'ಕಾಲ್ ಟೈಪ್ಸ್' ಅನ್ನು 'ಟೆಕ್ಸ್ಟ್' ಎಂದು ಕೊಟ್ಟು ಎಲ್ಲ ಕಾಲಂಗಳನ್ನೂ ಪಠ್ಯವಾಗಿ ಓದಿಸಿ. ಆಗ ನಿಜವಾದ ಎಕ್ಸೆಲ್ ದಿನಾಂಕಗಳು ಐದಂಕಿಯ ಸಂಖ್ಯೆಗಳಾಗಿಯೂ, ಪಠ್ಯವಾಗಿದ್ದವು ಇದ್ದಂತೆಯೂ ಬರುತ್ತವೆ. ಎರಡು ಗುಂಪು ತಾನಾಗಿ ಬೇರೆಯಾದವು. ಐದಂಕಿಯವನ್ನು ಮೇಲಿನ ಒರಿಜಿನ್ ಕೊಟ್ಟು ಪರಿವರ್ತಿಸಿ. ಉಳಿದವಕ್ಕೆ 'ಲುಬ್ರಿಡೇಟ್' ಪ್ಯಾಕೇಜಿನ 'ಡಿಎಂವೈ' ಫಂಕ್ಷನ್ ಬಳಸಿ. ಅದಲುಬದಲಾಗಿದೆ ಎಂದು ಖಾತ್ರಿಯಾದರೆ ಮೊದಲ ಗುಂಪಿನಲ್ಲಿ ಮಾತ್ರ ದಿನ–ತಿಂಗಳನ್ನು ತಿರುಗಿಸಿ. ಆದರೂ ಕಾಗದದ ನಮೂನೆ ಅಥವಾ ಮೂಲ ಡೇಟಾಬೇಸ್ ಸಿಗುವಂತಿದ್ದರೆ ಅಲ್ಲಿಂದಲೇ ಮತ್ತೆ ತೆಗೆಯುವುದು ಒಳ್ಳೆಯದು, ಯಾಕೆಂದರೆ ಒಂದೇ ಫೈಲಿಗೆ ಬೇರೆ ಬೇರೆ ಸೆಟ್ಟಿಂಗ್‌ನ ಕಂಪ್ಯೂಟರುಗಳಿಂದ ಸಾಲುಗಳು ಬಂದಿರಬಹುದು.

ಮುಗಿದ ಮೇಲೆ ಮೂರು ತಪಾಸಣೆ ಕಡ್ಡಾಯ. ಪರಿವರ್ತನೆಗೆ ಮುಂಚೆ ಎಷ್ಟು ಖಾಲಿ ಇದ್ದವು, ಆಮೇಲೆ ಎಷ್ಟು 'ಎನ್‌ಎ' ಆದವು? ಎರಡೂ ಒಂದೇ ಇರಬೇಕು. ಲಕ್ಷಣ ಕಾಣಿಸಿದ ದಿನ ವರದಿಯಾದ ದಿನಕ್ಕಿಂತ ಮುಂದಿದೆಯೇ? ಇವತ್ತಿನ ನಂತರದ ತಾರೀಖು ಇದೆಯೇ? ಈ ಮೂರನ್ನೂ ಸ್ಕ್ರಿಪ್ಟ್‌ನಲ್ಲೇ (ಆರ್ ಆದೇಶಗಳ ಫೈಲ್) ಬರೆದಿಟ್ಟರೆ ಪ್ರತಿ ತಿಂಗಳೂ ತಾನಾಗಿ ನಡೆಯುತ್ತದೆ.

ಪ್ರಶ್ನೆ: ವಾರದ ಗ್ರಾಫ್‌ನಲ್ಲಿ ಡಿಸೆಂಬರ್ ಕೊನೆಯ ಪ್ರಕರಣಗಳು ಅದೇ ವರ್ಷದ ಜನವರಿಗೆ ಹೋಗಿ ಕೂತಿವೆ. ಏನಿದು?

ಉತ್ತರ: ವಾರದ ಸಂಖ್ಯೆಯನ್ನು ಒಂದು ಲೆಕ್ಕದಿಂದ, ವರ್ಷವನ್ನು ಇನ್ನೊಂದು ಲೆಕ್ಕದಿಂದ ತೆಗೆದಿದ್ದೀರಿ. 2024ರ ಡಿಸೆಂಬರ್ 30 ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಪದ್ಧತಿಯಲ್ಲಿ 2025ರ 1ನೇ ವಾರಕ್ಕೆ ಸೇರುತ್ತದೆ. 'ಐಸೊವೀಕ್' ಜೊತೆ ಮಾಮೂಲಿ 'ಇಯರ್' ಬಳಸಿದರೆ ಅದು '2024, ವಾರ 1' ಆಗುತ್ತದೆ. 'ಐಸೊವೀಕ್' ಜೊತೆ 'ಐಸೊಇಯರ್', 'ಎಪಿವೀಕ್' ಜೊತೆ 'ಎಪಿಇಯರ್' ಬಳಸಬೇಕು. ಐಎಸ್‌ಒ ವಾರ ಸೋಮವಾರ ಶುರು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಳಸುವ ಎಪಿ ವಾರ ಭಾನುವಾರ ಶುರು. ನಿಮ್ಮ ಮೇಲಿನ ಕಚೇರಿ ಯಾವುದನ್ನು ಬಳಸುತ್ತದೋ ಅದನ್ನೇ ಹಿಡಿಯಿರಿ. ಇದಕ್ಕಿಂತ ಸುಲಭದ ದಾರಿಯೂ ಇದೆ: ವಾರದ ಸಂಖ್ಯೆಯ ಗೊಡವೆ ಬಿಟ್ಟು, 'ಫ್ಲೋರ್ ಡೇಟ್' ಫಂಕ್ಷನ್‌ನಿಂದ ಪ್ರತಿ ತಾರೀಖನ್ನೂ ಆ ವಾರದ ಮೊದಲ ದಿನಕ್ಕೆ ಇಳಿಸಿ ಎಣಿಸಿ. ವಾರ ಯಾವ ದಿನ ಶುರುವಾಗಬೇಕೆಂದು ಅದಕ್ಕೆ ಹೇಳುವುದನ್ನು ಮರೆಯಬೇಡಿ. ಹೇಳದಿದ್ದರೆ ಭಾನುವಾರ ಹಿಡಿಯುತ್ತದೆ.

ಅಂದಹಾಗೆ, 'ಕೌಂಟ್' ಫಂಕ್ಷನ್ ಒಂದೂ ಪ್ರಕರಣವಿಲ್ಲದ ವಾರಕ್ಕೆ ಸೊನ್ನೆಯ ಸಾಲು ಕೊಡುವುದಿಲ್ಲ, ಆ ಸಾಲೇ ಇರುವುದಿಲ್ಲ. ಗೆರೆಯ ಗ್ರಾಫ್ ಹಾಕಿದರೆ ಖಾಲಿ ವಾರಗಳ ಮೇಲೆ ಗೆರೆ ನೇರ ಹಾದುಹೋಗಿ, ರೋಗ ನಿಲ್ಲದೆ ಹರಡಿದಂತೆ ತೋರುತ್ತದೆ. 'ಟೈಡಿಆರ್' ಪ್ಯಾಕೇಜಿನ 'ಕಂಪ್ಲೀಟ್' ಬಳಸಿ ಬಿಟ್ಟ ವಾರಗಳಿಗೆ ಸೊನ್ನೆ ತುಂಬಿ. ತುಂಬುವ ಮುಂಚೆ ಒಂದು ಮಾತು: ವರದಿಯೇ ಕಳಿಸದ ಆಸ್ಪತ್ರೆಗೆ ಸೊನ್ನೆ ಹಾಕಬಾರದು. ಸೊನ್ನೆ ಪ್ರಕರಣ ಬೇರೆ, ಬಾರದ ವರದಿ ಬೇರೆ.

ಪ್ರಶ್ನೆ: ನಮ್ಮ ಫೈಲುಗಳಲ್ಲಿ ಹೆಸರು, ವಾರ್ಡ್ ಎಲ್ಲ ಕನ್ನಡದಲ್ಲಿವೆ. ಒಂದೇ ವಾರ್ಡ್ ಎರಡು ಸಾಲಾಗಿ ಎಣಿಕೆಯಾಗುತ್ತಿದೆ, ನೋಡಿದರೆ ಕಾಗುಣಿತ ಒಂದೇ!

ಉತ್ತರ: ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. 'ವಾರ್ಡ್' ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ಕಾಣದ ಒಂದು ಅಕ್ಷರ ಸೇರಿಸುತ್ತವೆ, 'ಜೀರೊ ವಿಡ್ತ್ ನಾನ್ ಜಾಯ್ನರ್' ಎಂದು ಅದರ ಹೆಸರು. ಒಬ್ಬರು ಒಂದು ಕೀಲಿಮಣೆಯಲ್ಲಿ, ಇನ್ನೊಬ್ಬರು ಮೊಬೈಲ್‌ನಲ್ಲಿ ಟೈಪ್ ಮಾಡಿದರೆ ಒಂದರಲ್ಲಿ ಅದು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಪತ್ತೆಗೆ 'ಎನ್‌ಚಾರ್' ಫಂಕ್ಷನ್ ಸಾಕು: 'ವಾರ್ಡ್' ಪದಕ್ಕೆ 6 ಬರಬೇಕು (ವ, ಆ-ಕಾರದ ಚಿಹ್ನೆ, ರ, ವಿರಾಮ ಅಂದರೆ ಅರ್ಧಾಕ್ಷರದ ಚಿಹ್ನೆ, ಡ, ವಿರಾಮ). 7 ಬಂದರೆ ಹಿಂದೆ ಕಾಣದ ಅಕ್ಷರವೋ, ಒಂದು ಖಾಲಿ ಸ್ಪೇಸೋ ಇದೆ. ಹೋಲಿಕೆಗೆ ಬಳಸುವ ಕಾಲಂನ ಒಂದು ನಕಲು ಮಾಡಿಕೊಂಡು, ಅದರಲ್ಲಿ ಯೂನಿಕೋಡ್ 200ಸಿ (ಈ ನಾನ್ ಜಾಯ್ನರ್) ಮತ್ತು 200ಡಿ (ಅದರ ಜೋಡಿ ಜಾಯ್ನರ್) ಸಂಕೇತಗಳನ್ನು ತೆಗೆದುಹಾಕಿ. ಮೂಲ ಕಾಲಂ ಹಾಗೇ ಇರಲಿ. ಓದಲು ಅದು ಬೇಕು. ಒ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ತುಂಡುಗಳಾಗಿಯೂ ಬರೆಯಲು ಸಾಧ್ಯ. ಎರಡನ್ನೂ ಒಂದೇ ರೂಪಕ್ಕೆ ತರಲು 'ಸ್ಟ್ರಿಂಗಿ' ಪ್ಯಾಕೇಜಿನ ಎನ್‌ಎಫ್‌ಸಿ ಪರಿವರ್ತನೆ ಇದೆ.

ವಿಂಡೋಸ್‌ನಲ್ಲಿ ಆರ್ 4.2ಕ್ಕಿಂತ ಮುಂಚೆ ಕನ್ನಡ ಅಕ್ಷರಗಳು ಸಂಕೇತ ಸಂಖ್ಯೆಗಳಾಗಿ ಪರದೆಯ ಮೇಲೆ ಬೀಳುತ್ತಿದ್ದವು. 2022ರಲ್ಲಿ ಬಂದ ಆ ಆವೃತ್ತಿಯಿಂದ ಹೊಸ ವಿಂಡೋಸ್‌ಗಳಲ್ಲಿ ಯುಟಿಎಫ್-8 (ಎಲ್ಲ ಲಿಪಿಗಳನ್ನೂ ಹಿಡಿಯುವ ಸಂಕೇತ ಪದ್ಧತಿ) ಸಹಜವಾಗಿ ಸಿಗುತ್ತದೆ. ಆರ್‌ನಿಂದ ಹೊರತೆಗೆದ ಸಿಎಸ್‌ವಿ ಫೈಲ್ ಎಕ್ಸೆಲ್‌ನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ತೆರೆದರೆ 'ರೀಡರ್' ಪ್ಯಾಕೇಜಿನ 'ರೈಟ್ ಎಕ್ಸೆಲ್ ಸಿಎಸ್‌ವಿ' ಬಳಸಿ. ಎಕ್ಸೆಲ್‌ಗೆ ಬೇಕಾದ ಗುರುತನ್ನು ಅದು ಫೈಲಿನ ತಲೆಯಲ್ಲಿ ಹಾಕುತ್ತದೆ. ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪಾದ ಹಳೆಯ ಫೈಲುಗಳನ್ನು ಮಾತ್ರ ಆರ್‌ಗೆ ತರುವ ಮುಂಚೆಯೇ ಪರಿವರ್ತಕದಲ್ಲಿ ಹಾಯಿಸಬೇಕು.

ಪ್ರಶ್ನೆ: ಒಟ್ಟು ಲಸಿಕೆ ಪ್ರಮಾಣ ಆರ್‌ನಲ್ಲಿ ಶೇ 65 ಬಂತು, ಹಳೆಯ ಪಟ್ಟಿಯಲ್ಲಿ ಶೇ 87ಕ್ಕೂ ಹೆಚ್ಚು. ಯಾವುದು ಸರಿ?

ಉತ್ತರ: ನೀವು ಕಳಿಸಿದ ಅಂಕಿಗಳಲ್ಲೇ ಉತ್ತರವಿದೆ. ಒಂದು ಕೇಂದ್ರದಲ್ಲಿ 1,000 ಮಕ್ಕಳಲ್ಲಿ 900, ಇನ್ನೊಂದರಲ್ಲಿ 50ರಲ್ಲಿ 20. ಶೇ 90 ಮತ್ತು ಶೇ 40ರ ಸರಾಸರಿ 65. ಆದರೆ ಮಕ್ಕಳನ್ನು ಎಣಿಸಿದರೆ 1,050ರಲ್ಲಿ 920, ಅಂದರೆ ಶೇ 87.6. ಶೇಕಡಾವಾರುಗಳ ಸರಾಸರಿ ತೆಗೆಯಬೇಡಿ; ಅಂಶ ಮತ್ತು ಛೇದವನ್ನು ಬೇರೆ ಬೇರೆ ಕೂಡಿಸಿ, ಕೊನೆಗೆ ಒಮ್ಮೆ ಭಾಗಿಸಿ.

ಛೇದಕ್ಕೆ ಜನಸಂಖ್ಯೆಯ ಪಟ್ಟಿ ಜೋಡಿಸುವಾಗಲೂ ಹುಷಾರು. ಆ ಪಟ್ಟಿಯಲ್ಲಿ ಒಂದು ಊರಿಗೆ ಗಂಡು, ಹೆಣ್ಣು ಎಂದು ಎರಡು ಸಾಲಿದ್ದರೆ 'ಲೆಫ್ಟ್ ಜಾಯ್ನ್' ನಿಮ್ಮ ಸಾಲನ್ನೂ ಎರಡು ಮಾಡಿ ಪ್ರಕರಣಗಳನ್ನು ದುಪ್ಪಟ್ಟು ಮಾಡುತ್ತದೆ. ನಿಮ್ಮ ಪ್ರಕರಣಗಳ ಪಟ್ಟಿಯಲ್ಲಿ ಊರಿಗೊಂದೇ ಸಾಲಿದ್ದರೆ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. 'ಡಿಪ್ಲೈಆರ್' 1.1.1 ಆವೃತ್ತಿಯಿಂದ 'ರಿಲೇಶನ್‌ಶಿಪ್' ಎಂಬ ಆಯ್ಕೆ ಇದೆ; 'ಮೆನಿ ಟು ಒನ್' ಎಂದು ಕೊಟ್ಟರೆ ಇಂಥ ಸಂದರ್ಭದಲ್ಲಿ ಸ್ಕ್ರಿಪ್ಟ್ ದೋಷ ತೋರಿಸಿ ನಿಲ್ಲುತ್ತದೆ. ನಿಲ್ಲುವುದೇ ಒಳ್ಳೆಯದು. ಇನ್ನು, 'ಲಿಂಗ ಹೆಣ್ಣು ಅಲ್ಲದವರು' ಎಂದು 'ಫಿಲ್ಟರ್' ಹಾಕಿದರೆ ಲಿಂಗ ನಮೂದಾಗದ ಸಾಲುಗಳೂ ಬಿದ್ದುಹೋಗುತ್ತವೆ. ಪ್ರತಿ ಹೆಜ್ಜೆಯ ಮುಂಚೆ–ಆಮೇಲೆ ಸಾಲುಗಳ ಎಣಿಕೆ ಬರೆದುಕೊಳ್ಳುವ ಅಭ್ಯಾಸ ಮಾಡಿಸಿ.

ಪ್ರಶ್ನೆ: ತರಬೇತಿ ಎಷ್ಟು ದಿನ ಇರಬೇಕು? ಸತತ ಐದು ದಿನ ಸಾಕೇ? ಏನು ಕಲಿಸಬೇಕು, ಏನು ಬಿಡಬೇಕು?

ಉತ್ತರ: ಸತತ ಐದು ದಿನದ ಶಿಬಿರ ಆಯೋಜಕರಿಗೆ ಅನುಕೂಲ, ಕಲಿಯುವವರಿಗಲ್ಲ. ಮೂರನೇ ದಿನದ ಹೊತ್ತಿಗೆ ತಲೆ ತುಂಬಿರುತ್ತದೆ, ಮರಳಿ ಕಚೇರಿಗೆ ಹೋದ ಮೇಲೆ ಒಂದು ತಿಂಗಳು ಮುಟ್ಟದಿದ್ದರೆ ಎಲ್ಲ ಹೋಯಿತು. ವಾರಕ್ಕೆ ಎರಡು ಅರ್ಧದಿನ, ತಲಾ ಮೂರು ಗಂಟೆ, ಆರು ವಾರ: ಇದು ನಮ್ಮ ಸಲಹೆ. ನಡುವಿನ ದಿನಗಳಲ್ಲಿ ತಮ್ಮದೇ ಫೈಲಿನ ಮೇಲೆ ಒಂದು ಸಣ್ಣ ಕೆಲಸ ಕೊಡಿ.

ಮೊದಲ ಅವಧಿಯಲ್ಲಿ ವ್ಯಾಕರಣ ಬೇಡ. ಸಿದ್ಧಮಾಡಿಟ್ಟ ಪ್ರಾಜೆಕ್ಟ್ ತೆರೆಸಿ, ಸ್ಕ್ರಿಪ್ಟ್ ಓಡಿಸಿ ಎಪಿ ಕರ್ವ್ (ದಿನ ಅಥವಾ ವಾರವಾರು ಪ್ರಕರಣಗಳ ಗ್ರಾಫ್) ಬರಿಸಿ. ಬಣ್ಣ ಬದಲಿಸಲಿ, ಒಂದು ವಯೋಮಾನಕ್ಕೆ ಮಾತ್ರ ಸೀಮಿತಗೊಳಿಸಲಿ. ಗ್ರಾಫ್ ಕಣ್ಣೆದುರು ಬದಲಾಗುವುದನ್ನು ಕಂಡವರು ಮುಂದಿನ ವಾರ ಬರುತ್ತಾರೆ. ಆಮೇಲೆ 'ಫಿಲ್ಟರ್', 'ಸೆಲೆಕ್ಟ್', 'ಮ್ಯುಟೇಟ್', 'ಕೌಂಟ್', 'ಗ್ರೂಪ್ ಬೈ', 'ಸಮರೈಸ್': ತಿಂಗಳ ವರದಿಯ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ. ನಂತರ ದಿನಾಂಕ, ಪಟ್ಟಿಗಳ ಜೋಡಣೆ, ಗ್ರಾಫ್, ಎರಡು–ಎರಡರ ಪಟ್ಟಿಯಿಂದ ರಿಸ್ಕ್ ರೇಶಿಯೊ. ಕೊನೆಯ ಎರಡು ಅವಧಿ ಕ್ವಾರ್ಟೊ (ಕೋಡ್‌ನಿಂದ ವರದಿ ತಯಾರಿಸುವ ತಂತ್ರಾಂಶ) ಬಳಸಿ ವರ್ಡ್ ವರದಿ ಹೊರಡಿಸುವುದಕ್ಕೆ. ಲೂಪ್, ಸ್ವಂತ ಫಂಕ್ಷನ್ ಬರೆಯುವುದು, ರಿಗ್ರೆಶನ್ ಇವನ್ನು ಎರಡನೇ ಸುತ್ತಿಗೆ ಇಡಿ.

ಐದಾರು ಮಂದಿಗೆ ಒಬ್ಬ ಸಹಾಯಕ ಬೇಕು. ಪ್ರತಿಯೊಬ್ಬರಿಗೂ ಎರಡು ಬಣ್ಣದ ಅಂಟುಚೀಟಿ ಕೊಡಿ. ಸಿಕ್ಕಿಕೊಂಡವರು ಲ್ಯಾಪ್‌ಟಾಪ್ ಮೇಲೆ ಕೆಂಪು ಚೀಟಿ ಅಂಟಿಸಲಿ, ಮುಗಿಸಿದವರು ಹಸಿರು. ಕೈ ಎತ್ತಲು ನಾಚುವವರಿಗೆ ಇದು ಅನುಕೂಲ. ಸಹಾಯಕರು ಕೀಲಿಮಣೆ ಮುಟ್ಟಬಾರದು, ಬೆರಳಿಂದ ತೋರಿಸಬೇಕು ಅಷ್ಟೆ.

ಸಿಕ್ಕಿಕೊಳ್ಳುವ ಜಾಗಗಳು ಎಲ್ಲೆಡೆಯೂ ಅವೇ. ಕನ್ಸೋಲ್‌ನಲ್ಲಿ '+' ಗುರುತು ನಿಂತಿದ್ದರೆ ಆವರಣವೋ ಉದ್ಧರಣ ಚಿಹ್ನೆಯೋ ಮುಚ್ಚಿಲ್ಲ. 'ಎಸ್ಕೇಪ್' ಒತ್ತಿ ಮತ್ತೆ ಶುರುಮಾಡಿ. ಫಂಕ್ಷನ್ ಸಿಗಲಿಲ್ಲ ಎಂದರೆ ಬಹುತೇಕ 'ಲೈಬ್ರರಿ' ಸಾಲು ಓಡಿಸಿಲ್ಲ. ವಾಟ್ಸ್‌ಆ್ಯಪ್ ಅಥವಾ ವರ್ಡ್‌ನಿಂದ ಕೋಡ್ ಅಂಟಿಸಿದರೆ ಉದ್ಧರಣ ಚಿಹ್ನೆಗಳು ಬಾಗಿದವಾಗಿ ಬರುತ್ತವೆ, ಆರ್‌ಗೆ ನೆಟ್ಟಗಿನವೇ ಬೇಕು. ವಿಂಡೋಸ್‌ನ ಫೋಲ್ಡರ್ ವಿಳಾಸವನ್ನು ನೇರ ಅಂಟಿಸಿದರೆ ಬ್ಯಾಕ್‌ಸ್ಲ್ಯಾಶ್‌ನಿಂದ ದೋಷ ಬರುತ್ತದೆ. ಆರ್‌ಸ್ಟುಡಿಯೊದಲ್ಲಿ (ಆರ್ ಬರೆದು ಓಡಿಸುವ ತಂತ್ರಾಂಶ) ಪ್ರಾಜೆಕ್ಟ್ ಮಾಡಿಕೊಂಡು 'ಹಿಯರ್' ಪ್ಯಾಕೇಜ್ ಬಳಸಿದರೆ ಪೂರ್ಣ ವಿಳಾಸ ಬರೆಯುವ ಪ್ರಮೇಯವೇ ಇಲ್ಲ, ಸ್ಕ್ರಿಪ್ಟ್ ಇನ್ನೊಬ್ಬರ ಕಂಪ್ಯೂಟರಿನಲ್ಲೂ ಓಡುತ್ತದೆ.

ಪ್ರಶ್ನೆ: ತರಬೇತಿಗೆ ನಿಜವಾದ ರೋಗಿಗಳ ಪಟ್ಟಿ ಬಳಸಬಹುದೇ? ಹೆಸರು, ಫೋನ್ ನಂಬರ್ ತೆಗೆದಿದ್ದೇವೆ.

ಉತ್ತರ: ಅಷ್ಟು ಸಾಲದು. 'ವಯಸ್ಸು 83, ಗಂಡು, ಇಂಥ ಊರು, ಇಂಥ ದಿನ ದಾಖಲು' ಎಂದರೆ ಊರಿನವರಿಗೆ ಹೆಸರು ಬೇಕಿಲ್ಲ. ವಯಸ್ಸನ್ನು ಐದೈದು ಅಥವಾ ಹತ್ತು ವರ್ಷದ ಗುಂಪು ಮಾಡಿ, ಊರಿನ ಬದಲು ಸಂಕೇತ ಹಾಕಿ, ಒಬ್ಬೊಬ್ಬ ರೋಗಿಯ ಎಲ್ಲ ತಾರೀಖುಗಳನ್ನೂ ಒಂದೇ ಅಂತರದಲ್ಲಿ ಸರಿಸಿ. ಒಂದೇ ಅಂತರವಾದರೆ ಲಕ್ಷಣದಿಂದ ದಾಖಲಾತಿವರೆಗಿನ ದಿನಗಳ ಲೆಕ್ಕ ಕೆಡುವುದಿಲ್ಲ. ಮೊದಲ ಎರಡು ವಾರಕ್ಕಂತೂ ಪೂರ್ತಿ ಕಲ್ಪಿತ ಪಟ್ಟಿ ಸಾಕು, ಆದರೆ ಅದರಲ್ಲಿ ನಿಜದ ಕೊಳೆ ಇರಲಿ: ನಾಲ್ಕು ರೀತಿಯ ತಾರೀಖು, 'ಗಂ', 'ಗಂಡು', 'ಪು' ಎಂಬ ಮೂರು ನಮೂದು, ಎರಡು ಬಾರಿ ಬಂದ ರೋಗಿ, 230 ವರ್ಷದ ಅಜ್ಜ.

ಡೇಟಾ ಸೋರುವ ಇನ್ನೊಂದು ಕಿಂಡಿ ಆರ್‌ಸ್ಟುಡಿಯೊದಲ್ಲೇ ಇದೆ. ಮುಚ್ಚುವಾಗ ಅದು ಮೆಮೊರಿಯಲ್ಲಿದ್ದುದನ್ನೆಲ್ಲ 'ಡಾಟ್ ಆರ್‌ಡೇಟಾ' ಎಂಬ ಫೈಲಿನಲ್ಲಿ ಉಳಿಸಬಹುದು. ಪ್ರಾಜೆಕ್ಟ್ ಫೋಲ್ಡರ್ ಯಾರಿಗಾದರೂ ಕೊಟ್ಟರೆ ರೋಗಿಗಳ ಪಟ್ಟಿಯೂ ಜೊತೆಗೆ ಹೋಯಿತು. 'ಟೂಲ್ಸ್' ಮೆನುವಿನ 'ಗ್ಲೋಬಲ್ ಆಪ್ಷನ್ಸ್'ನಲ್ಲಿ ಇದನ್ನು 'ನೆವರ್' ಮಾಡಿ. ಗಿಟ್ (ಫೈಲುಗಳ ಬದಲಾವಣೆಯ ಇತಿಹಾಸ ಇಡುವ ತಂತ್ರಾಂಶ) ಬಳಸುವವರು ಡೇಟಾ ಫೋಲ್ಡರನ್ನು ಮೊದಲ ದಿನವೇ 'ಗಿಟ್‌ಇಗ್ನೋರ್' ಪಟ್ಟಿಗೆ ಸೇರಿಸಿ, ಯಾಕೆಂದರೆ ಒಮ್ಮೆ ಕಮಿಟ್ ಆದ ಫೈಲನ್ನು ಆಮೇಲೆ ಅಳಿಸಿದರೂ ಹಳೆಯ ಇತಿಹಾಸದಲ್ಲಿ ಅದು ಉಳಿದಿರುತ್ತದೆ. ದೋಷ ಸರಿಪಡಿಸಲು ಇಂಟರ್ನೆಟ್‌ನಲ್ಲೋ ಎಐ ಚಾಟ್‌ನಲ್ಲೋ ಸಹಾಯ ಕೇಳುವಾಗ ನಿಜವಾದ ಸಾಲುಗಳನ್ನು ಅಂಟಿಸಬೇಡಿ. ಅದೇ ದೋಷ ಬರುವಂಥ ಹತ್ತು ಸಾಲಿನ ಕಲ್ಪಿತ ಪಟ್ಟಿ ಮಾಡಿ ಕೇಳಿ. ಆ ಪಟ್ಟಿ ಮಾಡುತ್ತಿರುವಾಗಲೇ ಎಷ್ಟೋ ಸಲ ತಪ್ಪು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ತರಬೇತಿ ಫಲಿಸಿತೇ ಎಂದು ಹೇಗೆ ತಿಳಿಯುವುದು? ಕೊನೆಯಲ್ಲಿ ಪರೀಕ್ಷೆ ಇಡಬೇಕೇ?

ಉತ್ತರ: ಕೊನೆಯ ದಿನದ ಪರೀಕ್ಷೆ ನೆನಪನ್ನು ಅಳೆಯುತ್ತದೆ. ಅದರ ಬದಲು ಮೂರು ತಿಂಗಳ ನಂತರ, ಅವರು ಹಿಂದೆ ಕೈಯಲ್ಲಿ ಮಾಡುತ್ತಿದ್ದ ಒಂದು ವರದಿಯ ಸ್ಕ್ರಿಪ್ಟನ್ನು ತರಿಸಿಕೊಳ್ಳಿ. ಬೇರೊಬ್ಬರ ಕಂಪ್ಯೂಟರಿನಲ್ಲಿ, ಹೊಸ ತಿಂಗಳ ಫೈಲ್ ಹಾಕಿ ಓಡಿಸಿ. ಓಡಿದರೆ, ಬಂದ ಅಂಕಿ ಕೈಲೆಕ್ಕದೊಂದಿಗೆ ಹೊಂದಿದರೆ ಫಲಿಸಿದೆ. ಹೊಂದದಿದ್ದರೆ ಆರ್ ಕಡೆ ಬೆರಳು ತೋರಿಸುವ ಮುಂಚೆ ಹಳೆಯ ಕೈಲೆಕ್ಕವನ್ನೂ ಒಮ್ಮೆ ಪರಿಶೀಲಿಸಿ.